ಗುಡ್ಡದ ಮೇಲಿನ ಅಲೆ

ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ನಿಂತ ಹೆಂಗಸು ನೆನೆದ ಸೀರೆಯನ್ನು ತಲೆಯ ಮೇಲಿಂದ ಎತ್ತಿ ಕಲ್ಲಿಗೆ ಬಡಿದಳು. ಸದ್ದು ಎರಡು ಸಲ ಕೇಳಿತು. ಮೊದಲನೆಯದು ಸೀರೆಯದು, ಎರಡನೆಯದು ಎದುರಿನ ಗುಡ್ಡದ್ದು. ಪಕ್ಕದಲ್ಲಿ ಇನ್ನೂ ಏಳೆಂಟು ಜನ ಒಗೆಯುತ್ತಿದ್ದರು. ಗುಡ್ಡ ಯಾರ ಪೆಟ್ಟನ್ನೂ ಇಟ್ಟುಕೊಳ್ಳದೆ ಎಲ್ಲರದನ್ನೂ ತಿರುಗಿಸಿ ಕೊಡುತ್ತಿತ್ತು. ಕಣ್ಣು ಮುಚ್ಚಿ ಕುಳಿತರೆ ಕೆರೆಯ ಆಚೆ ದಡದಲ್ಲೂ ಒಂದು ಸಾಲು ಹೆಂಗಸರು ಕುಳಿತು ಒಗೆಯುತ್ತಿದ್ದಾರೆ ಅನ್ನಿಸುತ್ತದೆ. ಬಾದಾಮಿಗೆ ಬಂದಾಗಲೆಲ್ಲ ನಾನು ಮೊದಲ ಅರ್ಧ ಗಂಟೆಯನ್ನು ಇಲ್ಲೇ ಕಳೆಯುತ್ತೇನೆ. ಸ್ಟೇಶನ್ನಿನಿಂದ ಟಂಟಂನಲ್ಲಿ ಬಂದು, ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿದು, ಸಂದಿಗೊಂದಿ ದಾಟಿ ನೀರಿನ ಹತ್ತಿರ ಬಂದರೆ ಬೆಳಗಿನ ಏಳು ಗಂಟೆ. ದಸರೆ ಮುಗಿದ ಮೇಲಿನ ದಿನಗಳು. ಕೆರೆ ತುಂಬಿರುತ್ತದೆ, ಬಿಸಿಲು ಇನ್ನೂ ಮೈಮೇಲೆ ಬೀಳುವುದಿಲ್ಲ, ಪ್ರವಾಸದ ಬಸ್ಸುಗಳು ಇನ್ನೂ ಬಂದಿರುವುದಿಲ್ಲ.

ನಾನು ಮಧುಗಿರಿ ಕಡೆಯವನು. ನಮ್ಮಲ್ಲಿ ಬೆಟ್ಟ ಅಂದರೆ ಒಂದೇ ಬಂಡೆ. ನೆಲದಾಳದಲ್ಲಿ ಕರಗಿ ಕುದ್ದದ್ದು ಆರಿ ಗಟ್ಟಿಯಾದ ಗ್ರಾನೈಟು. ಅದಕ್ಕೆ ತಲೆಯಿಲ್ಲ ಬುಡವಿಲ್ಲ, ಹಿಂದಿಲ್ಲ ಮುಂದಿಲ್ಲ. ಬಿಸಿಲು ಮಳೆಗೆ ಈರುಳ್ಳಿಯಂತೆ ಸಿಪ್ಪೆ ಬಿಡುತ್ತ ಬಿಡುತ್ತ ದುಂಡಗಾಗುತ್ತದೆ. ಸಾವನದುರ್ಗವಾಗಲಿ ಹಂಪೆಯಾಗಲಿ, ಎಲ್ಲ ಕಡೆಯೂ ಇದೇ ದುಂಡು. ಅಂಥ ಬಂಡೆಗಳನ್ನು ನೋಡಿಕೊಂಡು ಬೆಳೆದವನಿಗೆ ಬಾದಾಮಿಯ ಗುಡ್ಡ ಮೊದಲ ಸಲ ಗುಡ್ಡವಾಗಿ ಕಾಣಲೇ ಇಲ್ಲ, ಯಾರೋ ಕಟ್ಟಿದ ಗೋಡೆಯಂತೆ ಕಂಡಿತು. ಎಲ್ಲೆಲ್ಲೂ ಅಡ್ಡಗೆರೆ. ಒಂದರ ಮೇಲೊಂದು ಜೋಡಿಸಿಟ್ಟ ಹಳೆಯ ಕಡತಗಳ ಕಟ್ಟಿನ ಹಾಗೆ ಕೆಂಪು ಪದರ, ಮಸುಕು ಗುಲಾಬಿ ಪದರ, ಮತ್ತೆ ಕೆಂಪು. ಅಲ್ಲಲ್ಲಿ ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಸೀಳು. ಮಳೆನೀರು ಇಳಿದ ಜಾಗದಲ್ಲಿ ಕರಿ ಪಟ್ಟೆ.

ಇದು ಮರಳುಗಲ್ಲು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಕಲಾದಗಿ ಜಲಾನಯನದ ಮೇಲಿನ ಭಾಗ, ಬಾದಾಮಿ ಗುಂಪು. ಅದರೊಳಗಿನ ಒಂದೊಂದು ಪದರಕ್ಕೂ ಹತ್ತಿರದ ಊರುಗಳ ಹೆಸರಿಟ್ಟಿದ್ದಾರೆ: ಕೆಂದೂರು, ಹಲಗೇರಿ. ಆದರೆ ಗುಹಾಲಯಗಳಿರುವ ಈ ದಪ್ಪ ಪದರದ ಹತ್ತಿರ ಬಂದಾಗ ಅವರಿಗೂ ಊರಿನ ಹೆಸರು ಸಾಲಲಿಲ್ಲ ಅಂತ ಕಾಣುತ್ತದೆ. ಅದನ್ನು ‘ಕೇವ್ ಟೆಂಪಲ್ ಅರೆನೈಟ್’ ಎಂದು ಕರೆದರು. ಐವತ್ತು ಕೋಟಿ ವರ್ಷಕ್ಕಿಂತ ಹಳೆಯ ಕಲ್ಲಿಗೆ ಸಾವಿರದ ನಾನೂರೈವತ್ತು ವರ್ಷದ ಹಿಂದಿನ ಕಲ್ಲುಕುಟಿಗರ ಕೆಲಸದಿಂದ ಹೆಸರು ಬಂತು. ಮೊಮ್ಮಗನ ಹೆಸರಿನಿಂದ ತಾತನನ್ನು ಗುರುತಿಸಿದ ಹಾಗೆ.

ಗುಹೆಗಳನ್ನು ನೋಡುವುದಕ್ಕೆ ನನ್ನದೊಂದು ಕೆಟ್ಟ ಅಭ್ಯಾಸವಿದೆ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಎಲ್ಲರೂ ಕೈಗಳನ್ನು ಎಣಿಸುತ್ತಾರೆ. ಗೈಡು ಯಾವ ಕೈಗೆ ಯಾವ ಕೈ ಸೇರಿದರೆ ಯಾವ ಭಂಗಿ ಎಂದು ಲೆಕ್ಕ ಹೇಳುತ್ತಾನೆ. ನಾನು ನಟರಾಜನ ಹಿಂದಿನ ಗೋಡೆ ನೋಡುತ್ತಿರುತ್ತೇನೆ. ಕಲ್ಲಿನೊಳಗಿನ ನಸುನೇರಳೆ ಗೆರೆಗಳು ಗೋಡೆಯಿಂದ ಹೊರಟು ಕಂಬದ ಮೇಲೆ, ಕಂಬದಿಂದ ಮೂರ್ತಿಗಳ ಮೈಮೇಲೆ ಹಾಯುತ್ತವೆ. ಶಿಲ್ಪಿ ತೋಳು ಕಡೆದ, ಸೊಂಟ ಕಡೆದ, ಮೇಲುಹೊದಿಕೆಯ ಮಡಿಕೆ ಕಡೆದ. ಆ ಗೆರೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಪಾಡಿಗೆ ಸಾಗಿದೆ. ಒಂದೊಂದು ಕಡೆ ದೇವರ ತೊಡೆಯ ಮೇಲೆ ರೇಷ್ಮೆಯ ಅಂಚಿನಂತೆ ಚೆಂದವಾಗಿ ಕೂತಿರುತ್ತದೆ. ಇನ್ನೊಂದು ಕಡೆ ಮುಖದ ನಡುವೆಯೇ ಹಾದು ಕೆಲಸ ಕೆಡಿಸಿರುತ್ತದೆ. ಆ ದಿನಗಳಲ್ಲಿ ಮೇಲೆ ಗಾರೆ, ಬಣ್ಣ ಇತ್ತಂತೆ. ಮೂರನೆಯ ಗುಹೆಯ ಚಾವಣಿಯ ಅಂಚಿನಲ್ಲಿ ಅದರ ತುಣುಕುಗಳು ಈಗಲೂ ಉಳಿದಿವೆ. ಅಂದರೆ ನಾವು ಇವತ್ತು ಮೆಚ್ಚುವ ಈ ಗೆರೆಗಳನ್ನು ಅವರು ಮುಚ್ಚಿದ್ದರು. ಕಾಲ ಬಣ್ಣವನ್ನು ತೆಗೆದು ಕಲ್ಲನ್ನು ಬಿಟ್ಟಿತು. ಹಾಗಾದದ್ದೇ ಒಳ್ಳೆಯದು ಎಂದರೆ ಕಲಾ ಇತಿಹಾಸದವರು ಬೈದಾರು, ಬೈಯಲಿ.

ಆ ಮೂರನೆಯ ಗುಹೆ ಶಕ 500ರದ್ದು, ಅಂದರೆ 578ನೇ ಇಸವಿ. ಚಾಲುಕ್ಯರ ಮಂಗಲೇಶ ಮಾಡಿಸಿದ್ದು. ಒಳಗೆ ಸಂಸ್ಕೃತದ ಶಾಸನವಿದೆ; ಹೊರಗೆ ಕನ್ನಡದಲ್ಲೂ ಒಂದಿದೆ. ಕನ್ನಡದ್ದು ಈ ಗುಹೆಯನ್ನು ಕರೆಯುವುದು ‘ಕಲ್ಮನೆ’ ಎಂದು. ಗುಹಾಲಯ ಅಲ್ಲ, ಶಿಲಾದೇಗುಲ ಅಲ್ಲ, ಕಲ್ಮನೆ. ಮಣ್ಣಿನ ಮನೆ, ಹುಲ್ಲಿನ ಮನೆ ಇದ್ದ ಹಾಗೆ ಕಲ್ಲಿನ ಮನೆ. ನಾನು ಬಲ್ಲ ಕನ್ನಡ ಪದಗಳಲ್ಲಿ ಇಷ್ಟು ನೆಮ್ಮದಿಯಾಗಿ ನೆಲದ ಮೇಲೆ ಕುಳಿತ ಪದ ಕಡಿಮೆ. ಎರಡನೆಯ ಗುಹೆಯಿಂದ ಮೂರನೆಯದಕ್ಕೆ ಹತ್ತುವಾಗ ನಡುವೆ ಯಾರೂ ಕೊರೆಯದ ಒಂದು ಸಹಜ ಗವಿ ಸಿಗುತ್ತದೆ. ಬಹಳ ಜನ ಅದನ್ನು ನೋಡದೆ ಮೇಲೆ ಹೋಗುತ್ತಾರೆ. ನಾನಾದರೆ ಮೊದಲು ಅಲ್ಲಿ ನಿಲ್ಲಿ ಅನ್ನುತ್ತೇನೆ. ಗಟ್ಟಿ ಪದರ ಸೂರಾಗಿ ಉಳಿದು ಅದರ ಕೆಳಗಿನ ಮೆದು ಪದರ ಉದುರಿ ಹೋದರೆ ಗವಿ ತಾನೇ ಆಗುತ್ತದೆ. ಸೂರು ಯಾವುದು, ಗೋಡೆ ಯಾವುದು ಎಂಬುದನ್ನು ಗುಡ್ಡ ಮೊದಲೇ ತೋರಿಸಿಕೊಟ್ಟಿತ್ತು. ಕಲ್ಮನೆಯವರು ಅದನ್ನು ನೋಡಿ ಕಲಿತಿರಬೇಕು ಎಂಬುದು ನನ್ನ ಊಹೆ.

ಗುಹೆಗಳ ಮಾತು ಸಾಕು; ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನನಗೆ ಬೇಕಾದದ್ದು ಕೆರೆಯ ಆಚೆಯ ಉತ್ತರದ ಗುಡ್ಡ. ಊರವರ ಬಾಯಲ್ಲಿ ಬಾವನ್ ಬಂಡೆ ಕೋಟೆ. ಐವತ್ತೆರಡು ಬಂಡೆಗಳ ಕೋಟೆ ಎಂದರ್ಥ. ಎಣಿಸಿ ನೋಡಿದವರು ನನಗಿನ್ನೂ ಸಿಕ್ಕಿಲ್ಲ. ಮ್ಯೂಸಿಯಂ ಪಕ್ಕದ ಮೆಟ್ಟಿಲು ಹತ್ತಿ ಹತ್ತು ನಿಮಿಷ ನಡೆದರೆ ಎರಡು ಗೋಡೆಗಳ ನಡುವೆ ಹೊಗುತ್ತೀರಿ. ಕೈ ಚಾಚಿದರೆ ಎರಡೂ ಕಡೆ ಕಲ್ಲು ಸಿಗುವಷ್ಟು ಕಿರಿದು. ಮೇಲೆ ನೋಡಿದರೆ ಆಕಾಶ ಒಂದು ಪಟ್ಟಿ. ಸಿನಿಮಾದವರಿಗೆ ಈ ಸೀಳುಗಳೆಂದರೆ ಬಹಳ ಪ್ರೀತಿ, ಹಾಡುಗಳಲ್ಲಿ ನಾಯಕ ನಾಯಕಿ ಇಲ್ಲಿ ಸುಮ್ಮಸುಮ್ಮನೆ ಓಡಿದ್ದಾರೆ. ಆದರೆ ಇದು ಓಡುವ ಜಾಗವಲ್ಲ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟ ತಕ್ಷಣ ಮಡಕೆಯ ನೀರಿನ ತಂಪು. ಹಿಂದೆ ಈ ಗುಡ್ಡವೆಲ್ಲ ಒಂದೇ ಹಾಸುಗಲ್ಲಾಗಿತ್ತು. ನೆಲದ ಎಳೆದಾಟಕ್ಕೆ ಅದರಲ್ಲಿ ನೆಟ್ಟನೆಯ ಬಿರುಕು ಮೂಡಿದವು. ನೀರು ಬಿರುಕನ್ನು ಹಿಡಿದು ಇಳಿದು ಅಗಲ ಮಾಡಿತು. ಓಣಿಗಳು ಆದದ್ದು ಹಾಗೆ, ಓಣಿಗಳ ನಡುವೆ ಒಂಟಿಯಾಗಿ ಉಳಿದ ಬಂಡೆಗಳು ಬುರುಜುಗಳಾದದ್ದೂ ಹಾಗೆ. ಮನುಷ್ಯರು ಮಾಡಿದ್ದು ಬಾಗಿಲಿಟ್ಟದ್ದು ಮಾತ್ರ.

ಬಾಗಿಲಿಟ್ಟವನು ಮೊದಲನೆಯ ಪುಲಕೇಶಿ. ಇದೇ ಗುಡ್ಡದ ಬಂಡೆಯೊಂದರ ಮೇಲೆ ಶಕ 465ರ, ಅಂದರೆ 543ನೇ ಇಸವಿಯ ಅವನ ಶಾಸನವಿದೆ. ಕೆಳಗಿನಿಂದಲೂ ಮೇಲಿನಿಂದಲೂ ಗೆಲ್ಲಲಾಗದ ದುರ್ಗವನ್ನಾಗಿ ವಾತಾಪಿಯ, ಅಂದರೆ ಬಾದಾಮಿಯ, ಬೆಟ್ಟವನ್ನು ಮಾಡಿದ ಎಂದು ಅದು ಹೇಳುತ್ತದೆ. ‘ಮೇಲಿನಿಂದಲೂ’ ಎಂಬ ಮಾತು ಓದಿದಾಗ ವಿಚಿತ್ರ ಅನ್ನಿಸಿತ್ತು, ಕೋಟೆಗೆ ಮೇಲಿನಿಂದ ಬರುವವರು ಯಾರು? ಈ ಓಣಿಯಲ್ಲಿ ನಿಂತು ಮೇಲೆ ನೋಡಿದಾಗ ಅರ್ಥವಾಯಿತು. ತುದಿಯಲ್ಲಿ ನಿಂತವನ ಕೈಯಲ್ಲಿ ಒಂದು ಕಲ್ಲಿದ್ದರೆ ಸಾಕು. ಹಾಗಿದ್ದೂ ನೂರು ವರ್ಷಕ್ಕೆ, 642ರಲ್ಲಿ, ಪಲ್ಲವರ ನರಸಿಂಹವರ್ಮ ಇದನ್ನು ಗೆದ್ದು ತನ್ನದೊಂದು ಶಾಸನವನ್ನು ಇಲ್ಲಿಯ ಬಂಡೆಯ ಮೇಲೇ ಬರೆಸಿದ. ಕಟ್ಟಿದವನೂ ಗೆದ್ದವನೂ ಒಂದೇ ಊರಿನ ಕಲ್ಲಿನ ಮೇಲೆ ಬರೆದಿದ್ದಾರೆ. ಆಚೆ ತಟ್ಟುಕೋಟೆಯ ಕಡೆ ಕಪ್ಪೆ ಅರಭಟ್ಟನ ಶಾಸನ. ಮೇಲೆ ತಾವರೆಯ ಸುತ್ತು, ಕೆಳಗೆ ನಮಗೆ ತಿಳಿದಂತೆ ಕನ್ನಡದ ಮೊದಲ ತ್ರಿಪದಿಗಳು. ಅರಭಟ್ಟನ ಸಾಲುಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಇಲ್ಲಿ ಬಂದು ಅಕ್ಷರಗಳನ್ನು ಕಣ್ಣಾರೆ ನೋಡಬೇಕು. ಪುಸ್ತಕದಲ್ಲಿ ಅಬ್ಬರದ ಪದ್ಯ, ಬಂಡೆಯ ಮೇಲೆ ಎಷ್ಟು ಪುಟ್ಟ ಅಕ್ಷರ!

ಮೇಲಿನ ಶಿವಾಲಯದ ಜಗುಲಿಯ ಮೇಲೆ ಬನ್ ಬಿಚ್ಚಿದೆ, ಮಂಗ್ಯಾ ಬಂದು ಕಿತ್ತುಕೊಂಡು ಹೋಯಿತು. ಬಾದಾಮಿಯಲ್ಲಿ ಇದು ಸುದ್ದಿಯಲ್ಲ.

ಎರಡನೆಯ ದಿನ ಸಿಡಿಲಪಡಿಗೆ ಹೊರಟೆ. ಅದು ಊರಿನಿಂದ ಒಂದೂವರೆ ಗಂಟೆಯ ನಡಿಗೆ, ದಾರಿ ಗೊತ್ತಿದ್ದರೆ. ಭೂತನಾಥ ಗುಡಿಯ ಹಿಂದಿನಿಂದ ಅರಳಿತೀರ್ಥದ ಮೇಲೆ ಹತ್ತಿ ಗುಡ್ಡದ ನೆತ್ತಿಗೆ ಬಂದರೆ ನೋಟ ಬದಲಾಗಿಬಿಡುತ್ತದೆ. ಕೆಳಗಿನಿಂದ ಗೋಡೆಯಾಗಿ ಕಂಡದ್ದು ಮೇಲೆ ಅಂಗಳ. ಮಟ್ಟಸ ಹಾಸುಬಂಡೆ, ಅದರ ಸಂದುಗಳಲ್ಲಿ ಕಳ್ಳಿ, ಸೀತಾಫಲದ ಗಿಡ, ಒಣಗತೊಡಗಿದ ಹುಲ್ಲು. ದೂರದಲ್ಲಿ ಎರೆನೆಲದ ಹೊಲಗಳಲ್ಲಿ ಹಿಂಗಾರಿ ಜೋಳ ಗೇಣುದ್ದ ಬಂದಿದೆ. ಕೆಂಪು ಗುಡ್ಡ, ಕಪ್ಪು ನೆಲ, ಎಳೆ ಹಸಿರು. ಈ ಮೂರು ಬಣ್ಣ ಇಟ್ಟುಕೊಂಡೇ ಇಳಕಲ್ಲಿನ ನೇಕಾರರು ಸೀರೆ ನೇಯುತ್ತಾರೋ ಏನೋ.

ಕುರಿ ಕಾಯುವ ಅಜ್ಜ ಒಬ್ಬರು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂಡೆಯ ನೆರಳಲ್ಲಿ ಕುಳಿತಿದ್ದರು.

“ಎಲ್ಲಿಗಿ ಹೊಂಟೀರಿ?”

“ಸಿಡಿಲಪಡಿಗೆ, ಅಜ್ಜಾರ.”

“ಒಬ್ಬರ? ನೀರ ಐತೇನ್ರಿ?”

ಬಾಟಲಿ ತೋರಿಸಿದೆ. ಅವರಿಗೆ ಅಷ್ಟು ತೃಪ್ತಿಯಾದಂತೆ ಕಾಣಲಿಲ್ಲ. “ಅಗೋ, ಆ ಎರಡ ಬಂಡಿ ಕಾಣ್ತಾವಲ್ಲ, ಅವನ್ನ ಎಡಕ್ಕ ಹಾಕ್ರಿ. ಬಲಕ್ಕ ಹಾಕಿದ್ರ ಸಂಜಿತನಕಾ ಕೊಳ್ಳದಾಗ ತಿರಗತೀರಿ.”

ಈ ಸೀಮೆಯ ಜನರ ಬಾಯಲ್ಲಿ ನೆಲದ ಒಂದೊಂದು ಏರಿಳಿತಕ್ಕೂ ಮಾತಿದೆ. ಗುಡ್ಡದ ನಡುವಿನ ಕಮರಿ ಕೊಳ್ಳ. ಹುಲಿಗೆಮ್ಮನ ಕೊಳ್ಳ, ನಾಗನಾಥನ ಕೊಳ್ಳ. ಕಲ್ಲು ಚಾಚಿ ಕೆಳಗೆ ಜಾಗ ಮಾಡಿಕೊಟ್ಟರೆ ಅದು ಪಡಿ. ಮಳೆಗಾಲದಲ್ಲಿ ಗುಡ್ಡದ ಅಂಚಿನಿಂದ ಬೀಳುವ ನೀರು ದಿಡಗ. ಜಲಪಾತ ಎಂದರೆ ಜೋಗದಷ್ಟು ದೊಡ್ಡದು ಕಣ್ಣಿಗೆ ಕಟ್ಟುತ್ತದೆ. ದಿಡಗ ಎಂದರೆ ಅದರ ಸದ್ದೇ ಕೇಳುತ್ತದೆ, ದಿಡಗ್ ಅಂತ. ಅಗಸ್ತ್ಯತೀರ್ಥದ ಮೇಲೆ ಶ್ರಾವಣದಲ್ಲಿ ಅಕ್ಕ–ತಂಗಿ ಎರಡು ದಿಡಗ ಜೋಡಿಯಾಗಿ ಧುಮುಕುತ್ತವೆ. ಎರಡು ದಿನ ಮಳೆ ನಿಂತರೆ ಮೊದಲು ತಂಗಿ ಹೋಗುತ್ತಾಳೋ ಅಕ್ಕನೋ ಎಂದು ಊರಿನ ಹುಡುಗರನ್ನು ಕೇಳಿದೆ. ಅವರವರಲ್ಲೇ ಜಗಳ ಹತ್ತಿತು.

ಅಜ್ಜ ಕುಳಿತಿದ್ದ ಬಂಡೆಯ ಪಕ್ಕದಲ್ಲೇ ನಾನು ಹುಡುಕಿಕೊಂಡು ಬಂದದ್ದು ಇತ್ತು. ಚಾಪೆಯಷ್ಟು ಅಗಲದ ಒಂದು ಹಾಸುಗಲ್ಲು. ಅದರ ಮೇಲೆ ಅಲೆಗಳು. ಹೋಲಿಕೆಗಾಗಿ ಹೇಳುತ್ತಿಲ್ಲ, ನಿಜವಾದ ಅಲೆಗಳ ಗುರುತು: ಆಳವಿಲ್ಲದ ನೀರು ಹರಿಯುವಾಗ ಕೆಳಗಿನ ಮರಳಿನ ಮೇಲೆ ಬೀಳುವ ಸಾಲು ಸಾಲು ಏರು. ಮೊಣಕಾಲೂರಿ ಕುಳಿತು ಬೆರಳಾಡಿಸಿದೆ. ಒಂದು ಏರಿಗೂ ಇನ್ನೊಂದಕ್ಕೂ ನಡುವೆ ಮೂರು ಬೆರಳಿನ ಅಂತರ. ಏರಿನ ಒಂದು ಮಗ್ಗುಲು ನಿಧಾನವಾಗಿ ಹತ್ತುತ್ತದೆ, ಇನ್ನೊಂದು ಮಗ್ಗುಲು ತಟ್ಟನೆ ಇಳಿಯುತ್ತದೆ. ನೀರು ನಿಧಾನದ ಮಗ್ಗುಲಿಂದ ಬಂದು ಕಡಿದಾದ ಮಗ್ಗುಲಿಗೆ ಹೋಯಿತು ಎಂದು ಅರ್ಥ. ಕಣ್ಣು ಮುಚ್ಚಿಕೊಂಡೂ, ಬೆರಳಿನಲ್ಲೇ, ಆ ಹೊಳೆ ಯಾವ ಕಡೆಗೆ ಹರಿಯುತ್ತಿತ್ತು ಎಂದು ಹೇಳಬಹುದು. ಒಂದು ಕಡೆ ಎರಡು ಏರುಗಳು ಕೂಡಿ ಕವಲು ಒಡೆದಿದ್ದವು. ಅಲ್ಲಿ ನೀರು ಏನನ್ನೋ ಬಳಸಿ ಹೋಗಿರಬೇಕು, ಒಂದು ಹರಳನ್ನೋ ಮತ್ತೊಂದನ್ನೋ. ಕಡ್ಡಿ ಎನ್ನುವಂತಿಲ್ಲ. ಆಗ ನೆಲದ ಮೇಲೆ ಕಡ್ಡಿಯೇ ಇರಲಿಲ್ಲ. ಹುಲ್ಲಿಲ್ಲ, ಮರವಿಲ್ಲ, ದಂಡೆಯನ್ನು ಹಿಡಿದಿಡುವ ಒಂದು ಬೇರೂ ಇಲ್ಲ. ಹೊಳೆಗಳು ದಡದ ಕಟ್ಟಿಗೆ ಸಿಗದೆ ಹತ್ತಾರು ಎಳೆಯಾಗಿ ಹರಡಿ, ಇವತ್ತು ಇಲ್ಲಿ ನಾಳೆ ಅಲ್ಲಿ ಎಂದು ಮರಳು ಹೊತ್ತು ಅಲೆಯುತ್ತಿದ್ದ ಕಾಲ. ನೋಡುವ ಕಣ್ಣೂ ಇರಲಿಲ್ಲ. ಯಾವುದೋ ಒಂದು ದಿನ ನೀರು ಇಳಿದಿದೆ, ಅಲೆಯ ಮೇಲೆ ಇನ್ನೊಂದು ತೆಳು ಹೊದಿಕೆ ಮೆಲ್ಲಗೆ ಬಿದ್ದಿದೆ, ಅಷ್ಟೇ. ಒಂದು ಮಧ್ಯಾಹ್ನದ ಕೆಲಸ ಇದ್ದೀತು. ಅದು ಉಳಿಯಿತು.

“ಇದೇನು ಅಜ್ಜಾರ?” ಎಂದು ಕೇಳಿದೆ, ಪರೀಕ್ಷೆ ಮಾಡುವವನ ಹಾಗೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಬಗ್ಗಿ ಕೂಡ ನೋಡಲಿಲ್ಲ. “ನೀರ ಹರದ ಗುರ್ತರಿ. ನಮ್ಮಜ್ಜನ ಕಾಲಕ್ಕೂ ಹಿಂಗ ಇತ್ತಂತ.”

ಮುಂದಿನ ದಾರಿಯಲ್ಲಿ ಕಣ್ಣು ನೆಲದ ಮೇಲೇ. ಒಮ್ಮೆ ಕಂಡಿತೆಂದರೆ ಎಲ್ಲ ಕಡೆಯೂ ಅದೇ ಕಾಣತೊಡಗುತ್ತದೆ. ಬಂಡೆಯ ಮಗ್ಗುಲಿನಲ್ಲಿ ಅಡ್ಡಗೆರೆಗಳ ನಡುವೆ ಓರೆಗೆರೆಗಳ ಗೊಂಚಲು: ಲಾರಿಯಿಂದ ಸುರಿದ ಮರಳು ರಾಶಿಯ ಇಳಿಜಾರಿನಲ್ಲಿ ಜಾರಿ ನಿಲ್ಲುತ್ತದಲ್ಲ, ಹಾಗೆ ಹೊಳೆಯ ತಳದ ದಿಬ್ಬ ಮುಂದೆ ಮುಂದೆ ಜರುಗುತ್ತ ಬಿಟ್ಟ ಗುರುತು. ಒಂದು ತಿರುವಿನಲ್ಲಿ ಬಂಡೆಯ ತುಂಬ ಬಿಳಿ ಬೆಣಚುಕಲ್ಲಿನ ಹರಳುಗಳು ಕೆಂಪು ಮರಳಿನಲ್ಲಿ ಒತ್ತಾಗಿ ಅಂಟಿಕೊಂಡಿದ್ದವು. ಜೋರು ಪ್ರವಾಹದ ದಿನದ್ದು. ಥೇಟು ಅಮೀನಗಡದ ಕರದಂಟು! ಬೆಲ್ಲದ ಪಾಕದಲ್ಲಿ ಗೋಡಂಬಿ ಹಾಕಿದ ಹಾಗೆ. ಬನ್ನು ಕಳೆದುಕೊಂಡವನಿಗೆ ಇಂಥ ಹೋಲಿಕೆಗಳೇ ಹೊಳೆಯುವುದು.

ಅಜ್ಜ ಹೇಳಿದ ಎರಡು ಬಂಡೆಗಳನ್ನು ಎಡಕ್ಕೇ ಹಾಕಿದೆ. ಅದಾದ ಮೇಲೆ ಬಂದ ಎರಡು ಬಂಡೆಗಳ ಬಗ್ಗೆ ಅವರೇನೂ ಹೇಳಿರಲಿಲ್ಲ. ಒಂದು ಗಂಟೆ ಕೊಳ್ಳದಾಗ ತಿರುಗಿದೆ. ನೀರು ಮುಗಿಯಿತು. ಕೊನೆಗೆ ಆಡಿನ ಹಿಕ್ಕೆಯ ಜಾಡು ಹಿಡಿದು ಹತ್ತಿದರೆ ಎದುರಿಗೇ ಸಿಡಿಲಪಡಿ.

ಎರಡು ದೊಡ್ಡ ಬಂಡೆಗಳಿಗೆ ಸೇತುವೆ ಹಾಕಿದಂತೆ ಮಲಗಿದ ಮೂರನೆಯ ಕಲ್ಲು. ಆ ಕಲ್ಲಿನಲ್ಲಿ ಆಕಾಶ ಕಾಣುವ ತೂತುಗಳು. ಸಿಡಿಲು ಬಡಿದು ತೂತಾದವು ಎಂಬುದು ಜನರ ಮಾತು, ಹೆಸರೂ ಅದರಿಂದಲೇ. ನಡು ಮಧ್ಯಾಹ್ನ ಆ ತೂತುಗಳಿಂದ ಬೆಳಕು ಕೋಲು ಕೋಲಾಗಿ ಕೆಳಗಿಳಿದಿತ್ತು. ಒಳಗಿನ ಗೋಡೆಯ ಮೇಲೆ ಕಾವಿ ಬಣ್ಣದ ಚಿತ್ರಗಳು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ಪ್ರಾಣಿಯ ಬೆನ್ನು, ಅದರ ಕಾಲು, ಆಮೇಲೆ ಒಂದು ಮನುಷ್ಯಾಕೃತಿ ಮೆಲ್ಲಗೆ ಮೇಲೆದ್ದು ಬಂದವು. ಚಾಲುಕ್ಯರಿಗಿಂತ ಎಷ್ಟೋ ಹಿಂದೆ, ಅಕ್ಷರವೇ ಇಲ್ಲದ ಕಾಲದಲ್ಲಿ ಬೇಟೆಯಾಡಿ ಬದುಕಿದವರು ಇಲ್ಲಿ ಕುಳಿತು ಕಲ್ಲಿನ ಚೂರುಗಳಿಂದ ಪುಟ್ಟ ಆಯುಧ ಮಾಡಿಕೊಂಡಿದ್ದರು. ಅವರು ಬಳಸಿದ ಬಣ್ಣವೂ ಈ ಗುಡ್ಡದ ಬಣ್ಣವೂ ಒಂದೇ ವಸ್ತುವಿನದು, ಕಬ್ಬಿಣದ ತುಕ್ಕು. ಮರಳಿನ ಪ್ರತಿ ಕಾಳಿನ ಸುತ್ತ ಕೂದಲೆಳೆಗಿಂತ ತೆಳುವಾದ ಒಂದು ತುಕ್ಕಿನ ಪೊರೆ ಇದೆ. ಇಡೀ ಬಾದಾಮಿ ಕೆಂಪಾಗಿರುವುದು ಅಷ್ಟರಿಂದ. ಅದೇ ತುಕ್ಕನ್ನು ಅರೆದು ಅದೇ ಕಲ್ಲಿಗೆ ಬಳಿದರೆ ಚಿತ್ರ. ಪಕ್ಕದಲ್ಲೇ ಇತ್ತೀಚಿನವರು ಬಿಳಿ ಎಣ್ಣೆಬಣ್ಣದಲ್ಲಿ ಎರಡು ಹೆಸರು, ಒಂದು ಹೃದಯ ಬರೆದಿದ್ದಾರೆ. ಮೂರನೆಯ ಗುಹೆಯ ಹತ್ತಿರ ಚಾಲುಕ್ಯರ ಕಾಲದ ಕೆಲಸಗಾರರೂ ತಮ್ಮ ಹೆಸರು ಕೊರೆದಿದ್ದಾರೆ, ಅದನ್ನು ನಾವು ಶಾಸನ ಎಂದು ಓದುತ್ತೇವೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರು ಗುಹೆ ಕಡೆದು ಹೆಸರು ಬರೆದರು.

ಇಳಿಯುವ ದಾರಿಯಲ್ಲಿ ಸಣ್ಣ ತೊರೆಯ ಪಾತ್ರವಿತ್ತು, ಒಣಗಿತ್ತು. ದಾರಿ ಬದಿಯ ಬಂಡೆಯನ್ನು ಹೆಬ್ಬೆರಳಿನಿಂದ ಉಜ್ಜಿದರೆ ಕಾಳು ಕಾಳಾಗಿ ಮರಳು ಉದುರುತ್ತದೆ. ಪಾತ್ರದಲ್ಲಿ ಬಿದ್ದಿದ್ದ ಮರಳೂ ಅದೇ ಬಣ್ಣ, ಅದೇ ಕಾಳು. ಹೊಳೆ ತಂದ ಮರಳು ಕಲ್ಲಾಗಿ, ಕಲ್ಲು ಈಗ ಕಾಳು ಕಾಳಾಗಿ ಮತ್ತೆ ಹೊಳೆಗೆ ಹೊರಟಿದೆ. ಆತುರವೇನಿಲ್ಲ. ಗುಡ್ಡದ ಮಗ್ಗುಲಲ್ಲಿ ಹಗ್ಗ ಕಟ್ಟಿಕೊಂಡು ಹತ್ತುವವರ ಗುಂಪೊಂದಿತ್ತು. ಇಲ್ಲಿಯ ಗೋಡೆಗಳಲ್ಲಿ ಬೋಲ್ಟ್ ಹೊಡೆದ ದಾರಿಗಳು ಬೇಕಾದಷ್ಟಿವೆ, ಹೊರದೇಶದವರೂ ಬರುತ್ತಾರೆ. ಒಬ್ಬ ಹುಡುಗಿ ಅರ್ಧ ಗೋಡೆಯಲ್ಲಿ ತೂಗಾಡುತ್ತ, ಎರಡು ಬೆರಳು ಮಾತ್ರ ಹಿಡಿಯುವ ಒಂದು ಅಡ್ಡಗೆರೆಯನ್ನು ತಡಕುತ್ತಿದ್ದಳು. ನಾನು ಬಗ್ಗಿ ನೋಡಿ ಮೆಚ್ಚಿದ ಪದರವನ್ನು ಆಕೆ ಬೆರಳ ತುದಿಯಲ್ಲಿ ಬಲ್ಲಳು. ನನಗಿಂತ ಚೆನ್ನಾಗಿಯೇ ಬಲ್ಲಳು.

ಆ ಸಂಜೆ ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ಜೋಳದ ರೊಟ್ಟಿ ಹೊತ್ತು ತಂದ ಅವ್ವನ ಮುಂದೆ ಕುಳಿತೆ. ಎರಡು ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಕೆನೆಮೊಸರು. “ಇನ್ನೊಂದ ಹಾಕ್ಲೆನೋ ಯಪ್ಪಾ? ಗುಡ್ಡಾ ಹತ್ತಿ ಬಂದಂಗ ಕಾಣ್ತಿ” ಎಂದಳು. ಹೇಗೆ ಗೊತ್ತಾಯಿತು ಎಂದರೆ ನನ್ನ ಮೊಣಕಾಲು ತೋರಿಸಿದಳು. ಪ್ಯಾಂಟಿನ ಮೇಲೆ ಎರಡು ಕೆಂಪು ವೃತ್ತ.

ಮೂರನೆಯ ದಿನ ಪಟ್ಟದಕಲ್ಲಿಗೆ ಹೋದೆ. ಗುಡಿಗಳ ಕಲ್ಲು ಈ ಗುಡ್ಡಗಳದೇ ಜಾತಿ. ವಿರೂಪಾಕ್ಷ ಗುಡಿಯ ಗೋಡೆಯಲ್ಲೂ ಓರೆಗೆರೆಗಳನ್ನು ಹುಡುಕಿ ಸಿಕ್ಕಾಗ ಹಿಗ್ಗಿದೆ. ಆಮೇಲೆ ಪೂರ್ವದ ಬಾಗಿಲಿಂದ ಮಲಪ್ರಭೆಗೆ ಇಳಿದೆ. ಇಲ್ಲಿ ಹೊಳೆ ಉತ್ತರಕ್ಕೆ ತಿರುಗಿ ಹರಿಯುತ್ತದೆ, ಅದಕ್ಕೇ ಪುಣ್ಯಸ್ಥಳ. ಅಂಚಿನಲ್ಲಿ ನೀರು ಹಿಮ್ಮಡಿ ಮುಳುಗುವಷ್ಟು, ತಿಳಿಯಾಗಿತ್ತು. ಶೂ ಕಳಚಿ ನಿಂತು ಕೆಳಗೆ ನೋಡಿದರೆ ತಳದ ಮರಳಿನ ಮೇಲೆ ಸಾಲು ಸಾಲು ಅಲೆ. ಮೂರು ಬೆರಳಿನ ಅಂತರ. ದಕ್ಷಿಣದ ಕಡೆಗೆ ನಿಧಾನದ ಮಗ್ಗುಲು, ಉತ್ತರದ ಕಡೆಗೆ ಕಡಿದಾದ ಮಗ್ಗುಲು. ಒಂದೊಂದು ಕಾಳು ಮರಳು ಏರನ್ನು ಹತ್ತಿ, ತುದಿಯಲ್ಲಿ ಒಂದು ಕ್ಷಣ ತಡೆದು, ಆಚೆ ಉರುಳುತ್ತಿತ್ತು. ನನ್ನ ಪಾದದ ಸುತ್ತ ಅಲೆಗಳು ಎರಡಾಗಿ ಒಡೆದು ಬಳಸಿಕೊಂಡು ಹೋಗಿ ಮುಂದೆ ಕೂಡುತ್ತಿದ್ದವು. ಗುಡ್ಡದ ಮೇಲಿನ ಕಲ್ಲಿನಲ್ಲಿ ಕಂಡ ಅದೇ ಕವಲು.

ಎಷ್ಟು ಹೊತ್ತು ನಿಂತಿದ್ದೆನೋ. ಹಿಂದಿನಿಂದ ಒಬ್ಬ ಹುಡುಗನ ಕೂಗು ಕೇಳಿತು.

“ಸರೀರಿ ಕಾಕಾ, ಎಮ್ಮಿ ಬರ್ತಾವ!”

ಸರಿದೆ. ನಾಲ್ಕು ಎಮ್ಮೆಗಳು ನೀರಿಗಿಳಿದು, ಅಲೆಗಳನ್ನೆಲ್ಲ ತುಳಿದು ಕಲಕಿ, ಆಚೆ ದಡಕ್ಕೆ ಹೋದವು. ನೀರು ಕೆಂಪಾಯಿತು. ಹುಡುಗ ಕೊನೆಯ ಎಮ್ಮೆಯ ಬಾಲ ಹಿಡಿದುಕೊಂಡು ಹೋದ. ನಾನು ಶೂ ಕೈಯಲ್ಲಿ ಹಿಡಿದುಕೊಂಡು ನೀರು ತಿಳಿಯಾಗುವುದನ್ನು ಕಾಯುತ್ತ ನಿಂತೆ.